ಬಾಗಿಲು ಹತ್ತಿ ಅಲೆ ಸವಾರಿ

ಬಂಡೆ ಹತ್ತುವ ಸುಖ ದೊಡ್ಡದೋ, ಅಲೆ ಹತ್ತುವ ಸುಖ ದೊಡ್ಡದೋ ಎಂದು ಯಾರಾದರೂ ಆ ದಿನಗಳಲ್ಲಿ ನನ್ನನ್ನು ಕೇಳಿದ್ದರೆ, ಒಂದಿಷ್ಟೂ ತಡವರಿಸದೆ 'ಅಲೆ' ಎನ್ನುತ್ತಿದ್ದೆ. ಅಷ್ಟು ಖಚಿತವಾಗಿ ಹೇಳಲು ನನಗಿದ್ದ ಅರ್ಹತೆ ಎಂದರೆ, ನಾನು ಎರಡನ್ನೂ ಮಾಡಿರಲಿಲ್ಲ. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿಕೊಂಡಿದ್ದವನು ನಾನು. ನಮ್ಮ ಮನೆಗೆ ಆಗತಾನೆ ಕೇಬಲ್ ಟೀವಿ ಬಂದಿತ್ತು. ಯಾವುದೋ ಪರದೇಶದ ಚಾನೆಲ್ಲಿನಲ್ಲಿ ಜನ ಒಂದು ಹಲಗೆ ಮೆಟ್ಟಿಕೊಂಡು, ಮನೆಯೆತ್ತರದ ಅಲೆಗಳ ಮೇಲೆ ಕೈ ಅಗಲಿಸಿ ಜಾರಿ ಹೋಗುವುದನ್ನು ದಿನಾ ಸಂಜೆ ನೋಡುತ್ತಿದ್ದೆ. ಅದಕ್ಕೆ ಸರ್ಫಿಂಗ್ ಅನ್ನುತ್ತಾರೆಂದು ತಿಳಿದ ಮೇಲಂತೂ, ಹೋದ ಜನ್ಮದಲ್ಲಿ ನನ್ನ ಕಸುಬೇ ಅದಾಗಿತ್ತೇನೋ ಎನ್ನುವಷ್ಟು ಸಲಿಗೆ ಬೆಳೆಯಿತು.

ಎದುರು ಪಕ್ಷದವನು ನನ್ನ ಹೆಂಡತಿಯ ತಮ್ಮ ಗೋಪಿ. ಚನ್ನರಾಯಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ರಾಮನಗರದ ಕಡೆ ಅದೇನೋ ಶಿಬಿರಕ್ಕೆ ಹೋಗಿ ಬಂದವನೇ ಒಂದು ಹಗ್ಗ, ಒಂದು ಜೊತೆ ಬೂಟು ಕೊಂಡು, ಕಂಡಕಂಡ ಬಂಡೆಗೆಲ್ಲ ಅಂಟಿಕೊಳ್ಳಲು ಶುರು ಮಾಡಿದ್ದ. ಜಿನನಾಥಪುರಕ್ಕೆ ಹೋದರೆ ಎಲ್ಲರೂ ಬಸದಿಯ ಕೆತ್ತನೆ ನೋಡಿ ತಲೆದೂಗಿದರೆ, ಇವನು ಅದಕ್ಕೆ ಬೆನ್ನು ಹಾಕಿ ಗುಡ್ಡದ ಕಡೆ ನೋಡಿ ತಲೆದೂಗುತ್ತಿದ್ದ. ಭಾನುವಾರ ನಮ್ಮ ಮನೆಗೆ ಬಂದನೆಂದರೆ ಬಜ್ಜಿ ತಟ್ಟೆ ಖಾಲಿಯಾಗುವವರೆಗೂ ನಮ್ಮಿಬ್ಬರ ವಾಗ್ಯುದ್ಧ.

"ಭಾವ, ಬಂಡೆ ಅನ್ನೋದು ನಂಬಿಕಸ್ಥ. ಅದು ಇದ್ದಲ್ಲೇ ಇರುತ್ತೆ. ಒಂದೊಂದು ಬೆರಳಿಗೂ ಒಂದೊಂದು ಜಾಗ ಹುಡುಕ್ಕೊಂಡು ಮೇಲೆ ಹೋಗಿ ನಿಂತು ಕೆಳಗೆ ನೋಡಿದ್ರೆ ಇದ್ಯಲ್ಲ, ಅದರ ಮುಂದೆ ಇನ್ನೇನೂ ಇಲ್ಲ."

"ಬಂಡೆ ಸುಮ್ನೆ ನಿಂತಿರುತ್ತೆ ಕಣೋ, ಕೆಲಸ ಎಲ್ಲ ನೀನೇ ಮಾಡ್ಬೇಕು. ಅಲೆ ಹಾಗಲ್ಲ. ಅದೇ ಬಂದು ಹೊತ್ಕೊಂಡು ಹೋಗುತ್ತೆ. ನಾವು ನಿಂತ್ಕೊಂಡ್ರೆ ಸಾಕು."

"ಬಿದ್ರೆ?"

"ನೀರು ಮೆತ್ತಗಿರುತ್ತೆ. ನೀನು ಬಂಡೆ ಮೇಲೆ ಬಿದ್ದು ನೋಡು, ಗೊತ್ತಾಗುತ್ತೆ."

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ವಿಮಲಾ ಹೇಳಿದಳು: "ಇಬ್ಬರಲ್ಲಿ ಯಾರಾದ್ರೂ ಒಬ್ಬರು ಅಟ್ಟ ಹತ್ತಿ ಆ ಹಿತ್ತಾಳೆ ಹಂಡೆ ಇಳಿಸಿಕೊಡಿ. ಯುಗಾದಿಯಿಂದ ಕೇಳ್ತಾ ಇದೀನಿ."

ನಾವಿಬ್ಬರೂ ಅಟ್ಟದ ಕಡೆ ನೋಡಿದೆವು. ಇಬ್ಬರಿಗೂ ಅದು ಬಹಳ ಎತ್ತರ ಎನಿಸಿತು.

ವಾದ ಬಾಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಆ ಬೇಸಗೆಯಲ್ಲಿ ನಮ್ಮ ಮನೆಗೆ ಹೊಸ ಬಾಗಿಲು ಹಾಕಿಸಿ, ಹಳೆಯ ಬಾಗಿಲನ್ನು ಹಿತ್ತಲಿನಲ್ಲಿ ಒರಗಿಸಿದ್ದೆವು. ಹಲಸಿನ ಮರದ ಗಟ್ಟಿ ಬಾಗಿಲು. ಅದರ ಮೇಲೆ ಕೆಂಪು ಬಣ್ಣದಲ್ಲಿ, ವಿಮಲೆಯ ದುಂಡು ಅಕ್ಷರದಲ್ಲಿ, 'ನಾಳೆ ಬಾ' ಎಂದು ಬರೆದಿತ್ತು. ಅದಕ್ಕೂ ಕೆಲವು ವರ್ಷ ಮುಂಚೆ ನಮ್ಮ ಸೀಮೆಯಲ್ಲೆಲ್ಲ ಒಂದು ಗುಲ್ಲು ಎದ್ದಿತ್ತು. ಕತ್ತಲಾಗುತ್ತಿದ್ದಂತೆ ಒಂದು ಹೆಣ್ಣು ದೆವ್ವ ಮನೆ ಮನೆಗೂ ಬಂದು, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ರಕ್ತ ಕಾರಿ ಸಾಯುತ್ತಾರೆ ಎಂದು. ಅದಕ್ಕೆ ಪರಿಹಾರವಾಗಿ ಬೀದಿಯವರೆಲ್ಲ ಬಾಗಿಲಿಗೆ 'ನಾಳೆ ಬಾ' ಎಂದು ಬರೆದರು. ದೆವ್ವ ಬಂದು ಓದಿಕೊಂಡು ಹೋಗಬೇಕು. ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹೋಗಬೇಕು. ಕಚೇರಿಗಳಿಗೆ ಅಲೆದು ಅಭ್ಯಾಸವಿದ್ದ ನಮ್ಮ ಜನಕ್ಕೆ ಈ ಏರ್ಪಾಡು ಸುಲಭವಾಗಿ ಅರ್ಥವಾಯಿತು. ನಾನು ವಿದ್ಯಾವಂತನಾದ್ದರಿಂದ ನಕ್ಕೆ. ಆದರೆ ಅಳಿಸಲು ಹೋಗಲಿಲ್ಲ.

ಆ ಬಾಗಿಲನ್ನು ನೋಡಿ ನೋಡಿ ಒಂದು ದಿನ ನನಗೆ ಅದು ಬಾಗಿಲೇ ಅಲ್ಲ ಎಂಬ ಜ್ಞಾನೋದಯವಾಯಿತು. ಅದರ ಕೆಳಗೆ ಎರಡು ಲಾರಿ ಟ್ಯೂಬು ಕಟ್ಟಿದರೆ ಸರ್ಫಿಂಗ್ ಹಲಗೆ! ಸಮುದ್ರ ನಮ್ಮ ಜಿಲ್ಲೆಗೆ ಬಂದಿಲ್ಲ, ನಿಜ. ಆದರೆ ಗೊರೂರು ಅಣೆಕಟ್ಟೆಯ ಹಿನ್ನೀರಿದೆ, ಆಷಾಢದ ಗಾಳಿಯಿದೆ. ಆ ಗಾಳಿಗೆ ಹಿನ್ನೀರಿನಲ್ಲಿ ಏಳುವ ಅಲೆ ಮನೆಯೆತ್ತರ ಇರದಿದ್ದರೂ ಮಣೆಯೆತ್ತರವಾದರೂ ಇರುತ್ತದೆ. ನನಗೆ ಈಜು ಬರುತ್ತಿರಲಿಲ್ಲ. ಅದರಿಂದ ನಾನು ಎದೆಗುಂದಲಿಲ್ಲ. ಈಜುವುದು ನೀರಿನ ಒಳಗಿನ ವಿದ್ಯೆ, ಇದು ನೀರಿನ ಮೇಲಿನ ವಿದ್ಯೆ. ಎರಡೂ ಬೇರೆ ಬೇರೆ ಇಲಾಖೆ.

"ಮೊಣಕಾಲು ಮುಳುಗೋ ನೀರಿಗಿಂತ ಮುಂದೆ ಹೋಗಲ್ಲ ಅಂತ ಆಣೆ ಮಾಡಿ," ಎಂದಳು ವಿಮಲಾ. ಮಾಡಿದೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಅವಳೂ ಹೊರಟಳು. ಗೋಪಿ ಹಗ್ಗ ಹೊತ್ತು ಬಂದ. ಬಾಗಿಲ ಸಮೇತ ನಾವು ಮೂವರೂ ಒಂದು ಲಗೇಜ್ ಆಟೋ ಹತ್ತಿ, ಒಂದು ಮೋಡದ ಭಾನುವಾರ ಮಧ್ಯಾಹ್ನ ಹಿನ್ನೀರಿನ ದಡ ಸೇರಿದೆವು. ಸಂಜೆಗೆ ಬರುತ್ತೇನೆಂದು ಹೇಳಿ ಆಟೋದವನು ಹೊರಟುಹೋದ. ಅವನ ಗಾಡಿಯ ಸದ್ದು ಅಡಗಿದ ಮೇಲೆ ಅಲ್ಲಿ ಇನ್ನಾವ ಸದ್ದೂ ಇರಲಿಲ್ಲ. ಹಕ್ಕಿಗಳೂ ಇರಲಿಲ್ಲ. ನೀರು ಮಾತ್ರ ದಡದ ಕಲ್ಲುಗಳನ್ನು ನೆಕ್ಕುತ್ತಿತ್ತು.

ತೆಪ್ಪದಲ್ಲಿ ಮೀನು ಹಿಡಿಯುವ ನಿಂಗಯ್ಯ ಎಂಬುವನು ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದ. ನಮ್ಮನ್ನು ನೋಡಿದ, ಬಾಗಿಲನ್ನು ನೋಡಿದ, ಮತ್ತೆ ನಮ್ಮನ್ನು ನೋಡಿದ.

"ಮನೆ ಎಲ್ಲಿ ಸಾ?"

"ಮನೆ ಕಟ್ಟೋಕಲ್ಲಪ್ಪ. ಇದರ ಮೇಲೆ ನಿಂತ್ಕೊಂಡು ನೀರಲ್ಲಿ ಹೋಗೋಕೆ."

"ತೆಪ್ಪ ಐತಲ್ಲ ಸಾ. ಕುಂತ್ಕಂಡೇ ಓಗ್ಬೌದು." ಆಮೇಲೆ ವಿಮಲೆಯ ಕಡೆ ತಿರುಗಿ, "ಯಜಮಾನ್ರ ಎಸ್ರೇನವ್ವಾ?" ಎಂದ.

ವಿಮಲಾ ಗೋಪಿಯ ಮುಖ ನೋಡಿ, "ಹೇಳೋ," ಎಂದಳು. ಮದುವೆಯ ದಿನ ಹೆಸರು ಹೇಳುವ ಶಾಸ್ತ್ರದಲ್ಲಿ, ಹೆಂಗಸರೆಲ್ಲ ಸುತ್ತುಗಟ್ಟಿ ಪೀಡಿಸಿದ ಮೇಲೆ, ನೆಲಕ್ಕೆ ಕೇಳಿಸುವಷ್ಟು ಮೆಲ್ಲಗೆ ಒಮ್ಮೆ ಹೇಳಿದ್ದು ಬಿಟ್ಟರೆ ಅವಳು ನನ್ನ ಹೆಸರು ಹೇಳಿದವಳೇ ಅಲ್ಲ. ರೇಷನ್ ಕಾರ್ಡಿನವರು ಮನೆಗೆ ಬಂದಾಗಲೂ, "ವಿಷ ಕುಡಿದ ದೇವರ ಹೆಸರು ಬರ್ಕೊಳ್ಳಿ," ಎಂದವಳು. "ಶ್ರೀಕಂಠ," ಎಂದು ಗೋಪಿಯೇ ಹೇಳಿದ.

ನಿಂಗಯ್ಯ ತಲೆಯಾಡಿಸಿ, ನೀರಿನ ನಡುವೆ ಕೂತಿದ್ದ ಒಂದು ಕಪ್ಪು ಬಂಡೆಯ ಕಡೆ ಕೈ ತೋರಿಸಿದ. "ಅದು ಅಜ್ಜಿಬಂಡೆ ಸಾ. ಕಟ್ಟೆ ಕಟ್ದಾಗ ಅಲ್ಲಿದ್ದ ಊರು ಮುಳುಗ್ತು. ಎಲ್ರೂ ಗಂಟುಮೂಟೆ ಕಟ್ಕಂಡು ಓದ್ರು. ಒಬ್ಳು ಅಜ್ಜಿ ಮಾತ್ರ ಎದ್ದೇಳ್ನಿಲ್ಲ. ಕರ್ಯಾಕೋದವ್ರಿಗೆಲ್ಲ ನಾಳೆ ಬನ್ನಿ, ನಾಳೆ ಬನ್ನಿ ಅಂತಿದ್ಳಂತೆ. ಒಂದಿನ ನೀರು ಬಂದ್ಬುಡ್ತು. ಈಗ ಮುಚ್ಚಂಜೆ ಆಯ್ತು ಅಂದ್ರೆ ಅವ್ಳೇ ಕರೀತಾಳೆ. ಎಸ್ರು ಗೊತ್ತಾದ್ರೆ ಬುಡಾಕಿಲ್ಲ."

"ಈಗ ಹೆಸರು ಕೇಳಿದ್ದು ನೀನೇ ಅಲ್ವೇನಪ್ಪ?" ಎಂದೆ.

ನಿಂಗಯ್ಯ "ಔದಲ್ವಾ ಸಾ," ಎಂದು ಬಲೆಯ ಕಡೆ ತಿರುಗಿಕೊಂಡ. ನೀರು ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ಇತ್ತು.

ಗೋಪಿ ದಡದಲ್ಲಿದ್ದ ಒಂದು ಎತ್ತರದ ಬಂಡೆಯನ್ನು ಆರಿಸಿಕೊಂಡು, ನಾನು ಟ್ಯೂಬು ಕಟ್ಟಿ ಮುಗಿಸುವಷ್ಟರಲ್ಲಿ ಅದರ ನೆತ್ತಿಯ ಮೇಲಿದ್ದ. "ಭಾವ, ಇಲ್ಲಿಂದ ಇಡೀ ಹಿನ್ನೀರು ಕಾಣುತ್ತೆ," ಎಂದು ಕೂಗಿದ. ನನಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಪಂಚೆ ಎತ್ತಿ ಕಟ್ಟಿ, ಬಾಗಿಲನ್ನು ನೀರಿಗೆ ಇಳಿಸಿ, 'ನಾಳೆ ಬಾ' ಮೇಲೆ ಬೋರಲು ಮಲಗಿ ಕೈಯಲ್ಲಿ ನೀರು ಹಿಂದಕ್ಕೆ ತಳ್ಳಿದೆ.

ಮೊಣಕಾಲು ನೀರು ಎಲ್ಲಿ ಮುಗಿಯಿತೋ ನನಗೆ ತಿಳಿಯಲಿಲ್ಲ. ಮಲಗಿದವನಿಗೆ ನೀರಿನ ಆಳ ಹೇಗೆ ತಿಳಿಯಬೇಕು? ಆಷಾಢದ ಗಾಳಿ ಬೆನ್ನ ಹಿಂದೆ ಎದ್ದು ಒಂದೇ ಸಮನೆ ನೂಕಿತು. ಧೈರ್ಯ ಮಾಡಿ ಮೊದಲು ಮಂಡಿಯೂರಿದೆ. ಆಮೇಲೆ ಚಿಲಕ ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತೆ. ಆಮೇಲೆ, ಓದುಗರು ನಂಬಬೇಕು, ನಿಂತೆ. ಕೈ ಅಗಲಿಸಿದೆ. ಅಲೆ ಅಡಿಯಲ್ಲಿ ಬಂದು ಬಾಗಿಲನ್ನೆತ್ತಿ ಮುಂದಕ್ಕೆ ಜಾರಿಸಿತು. ಕಾಲಿನ ಕೆಳಗೆ ಇಡೀ ಹಿನ್ನೀರು ಉಸಿರಾಡುತ್ತಿತ್ತು. ಜೀವಮಾನದಲ್ಲಿ ನನಗೆ ಅಂಥ ಸಂತೋಷ ಆಗಿರಲಿಲ್ಲ, ಆಮೇಲೆಯೂ ಆಗಿಲ್ಲ. ಗೋಪಿಗೆ ಕಾಣಲಿ ಎಂದು ತಿರುಗಿ ನೋಡಿದೆ. ಹಿಂದೆ ದಡವೇ ಇರಲಿಲ್ಲ.

ಮಂಜು ಇಳಿದಿತ್ತು. ಬಂಡೆ, ಗೋಪಿ, ವಿಮಲಾ, ಚಿತ್ರಾನ್ನ, ಎಲ್ಲವೂ ಬೆಳ್ಳಗೆ ಅಳಿಸಿಹೋಗಿದ್ದವು. ಇದನ್ನು ನೋಡಿ ಗಾಬರಿಯಾದದ್ದೇ ತಪ್ಪಾಯಿತು. ಕಾಲು ಒಂದು ಕಡೆ, ಬಾಗಿಲು ಒಂದು ಕಡೆ! ನೀರು ಮೆತ್ತಗಿರುತ್ತದೆ ಎಂದು ಹೇಳಿದ್ದವನು ನಾನೇ. ಅದು ಮೂಗಿನೊಳಗೂ ಬಾಯೊಳಗೂ ಮೆತ್ತಗೆ ಹೋಯಿತು.

ಮುಳುಗಿದವನ ಕಾಲಿಗೆ ಏನೋ ತಾಗಿತು. ಒದ್ದುಕೊಂಡು ನಿಂತೆ. ಎದೆಮಟ್ಟ ನೀರು. ಕಾಲಡಿಯಲ್ಲಿದ್ದದ್ದು ಬಂಡೆಯಲ್ಲ, ಮೆಟ್ಟಿಲು. ಅದರ ಮೇಲೆ ಇನ್ನೊಂದು, ಅದರ ಮೇಲೆ ಇನ್ನೊಂದು. ಯಾರದೋ ಮನೆಗೆ ಹತ್ತಿ ಹೋಗುವ ಹಾಗೆ ಹತ್ತಿದೆ. ಕೊನೆಯಲ್ಲಿ ಸವೆದ ಒಂದು ಹೊಸಿಲು ಕಾಲಿಗೆ ಸಿಕ್ಕಿತು. ಅಭ್ಯಾಸಬಲದಿಂದ ಅದನ್ನು ತುಳಿಯದೆ ದಾಟಿದೆ. ಅದರಾಚೆ ಮನೆಯಿರಲಿಲ್ಲ, ಕಪ್ಪು ಬಂಡೆಯಿತ್ತು. ಅಜ್ಜಿಬಂಡೆ.

ಬಂಡೆ ಹತ್ತುವುದರಲ್ಲಿ ಸುಖವಿಲ್ಲ ಎಂದು ವಾದಿಸಿದ್ದ ನಾನು ಹಗ್ಗವಿಲ್ಲದೆ, ಬೂಟಿಲ್ಲದೆ, ಒದ್ದೆ ಪಂಚೆಯಲ್ಲಿ, ಒಂದೊಂದು ಬೆರಳಿಗೂ ಒಂದೊಂದು ಜಾಗ ಹುಡುಕಿಕೊಂಡು ಅದನ್ನು ಹತ್ತಿದೆ. ಇದ್ದಲ್ಲೇ ಇರುವ ವಸ್ತುವನ್ನು ತಬ್ಬಿಕೊಳ್ಳುವುದು ಎಂಥ ಸುಖ ಎಂದು ಆಗ ತಿಳಿಯಿತು. ಬಾಗಿಲು ಮಾತ್ರ ನನಗೆ ಕಾಯದೆ ಮಂಜಿನೊಳಗೆ ಹೊರಟುಹೋಯಿತು.

ನೆತ್ತಿಯ ಮೇಲೆ ಒಂದು ತಗ್ಗು. ಅದರಲ್ಲಿ ಎರಡು ವೀಳ್ಯದೆಲೆ, ಅದರ ಮೇಲೊಂದು ಅಡಿಕೆ, ಪಕ್ಕದಲ್ಲಿ ಒಂದು ಹಸಿರು ಗಾಜಿನ ಬಳೆ. ಎಲೆ ಬಾಡಿರಲಿಲ್ಲ. ಮುಟ್ಟಿದರೆ ಈಗತಾನೆ ಒರೆಸಿಟ್ಟ ಹಾಗೆ ತಣ್ಣಗಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂತೆ. ಬೆನ್ನು ಹಾಕಿದ ಮೇಲೆ ಹಿಂದೆ ಯಾರೋ ಕೂತಿದ್ದಾರೆ ಎನಿಸಿತು. ತಿರುಗಿ ಕೂತೆ. ಆಗಲೂ ಹಿಂದೆಯೇ ಕೂತಿದ್ದರು. ಸಮಾಜ ಪಾಠದಲ್ಲಿ ಇದಕ್ಕೆ ಯಾವ ಉತ್ತರವೂ ಇರಲಿಲ್ಲ.

ಬೆಳಕು ಕಂದಿತು. ಬಂಡೆಯ ಬುಡದಲ್ಲಿ ನೀರು, ಎಲೆಯಡಿಕೆ ಜಗಿಯುವ ಬೊಚ್ಚು ಬಾಯಿಯ ಹಾಗೆ ಚಪ್ಪರಿಸುತ್ತಿತ್ತು. ಮೇಲೆ ಎಲ್ಲಿಂದಲೋ, ಆಕಾಶದಿಂದ ಬಂದಂತೆ, "ಅಕ್ಕಾ... ಅಕ್ಕಾ..." ಎಂದು ಯಾರೋ ನರಳಿದರು. ದಡದ ಬಂಡೆ ಹತ್ತಿದ್ದ ಗೋಪಿಗೆ ಇಳಿಯಲು ಬರದೆ ಅಲ್ಲೇ ಕೂತು ಅಳುತ್ತಿದ್ದಾನೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಶಿಬಿರದಲ್ಲಿ ಹತ್ತುವುದನ್ನು ಮಾತ್ರ ಕಲಿಸಿದ್ದರಂತೆ, ಇಳಿಯುವ ಪಾಠದ ದಿನ ಇವನಿಗೆ ಜ್ವರ ಬಂದಿತ್ತಂತೆ. ನಾನು ಮಂಡಿಯೊಳಗೆ ತಲೆಯಿಟ್ಟು ಬಾಯಿಗೆ ಬಂದ ಸ್ತೋತ್ರ ಹೇಳತೊಡಗಿದೆ.

ಆಗ ಕೇಳಿಸಿತು.

"ಶ್ರೀಕಂಠಾ..."

ಹೆಣ್ಣು ದನಿ. ವಿಮಲೆಯ ದನಿ. ಆದರೆ ಅಷ್ಟು ಮೃದುವಾಗಿ, ಅಷ್ಟು ಎಳೆದು, ಮಗುವನ್ನು ನಿದ್ದೆಯಿಂದ ಎಬ್ಬಿಸುವ ಹಾಗೆ ವಿಮಲಾ ನನ್ನನ್ನು ಎಂದೂ ಕರೆದಿರಲಿಲ್ಲ. ಹೆಸರು ಹಿಡಿದಂತೂ ಕರೆಯುವುದೇ ಇಲ್ಲ. ಬಾಯಿಗೆ ಬಂದಿದ್ದ 'ಓ' ಎನ್ನುವುದನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದೆ.

"ಶ್ರೀಕಂಠಾ, ಬಂದ್ಬಿಡೀ... ಎಲ್ಲಿದ್ರೂ ಬಂದ್ಬಿಡೀ... ನಾನು ಏನೂ ಅನ್ನಲ್ಲ."

ನನಗಿದ್ದ ಕೊನೆಯ ಅನುಮಾನವೂ ತೀರಿತು. ಇಂಥ ಕೆಲಸ ಮಾಡಿ ಬಂದ ಗಂಡನಿಗೆ ಏನೂ ಅನ್ನದೆ ಇರುವವಳು ವಿಮಲಾ ಅಲ್ಲವೇ ಅಲ್ಲ!

ಮಂಜಿನೊಳಗೆ ಒಂದು ಹಳದಿ ಬೆಳಕು ಕಾಣಿಸಿಕೊಂಡಿತು. ನೆಲದ ಮೇಲಲ್ಲ, ನೀರಿನ ಮೇಲೆ. ಅಲ್ಲಾಡುತ್ತ, ತಡೆಯುತ್ತ, ನನ್ನ ಕಡೆಗೇ ಬರುತ್ತಿತ್ತು. ನಮ್ಮ ಬೀದಿಯನ್ನು ಕಾಪಾಡಿದ ಮಂತ್ರ ನನಗೆ ನೆನಪಾಯಿತು. ಬರೆದ ಬಾಗಿಲು ಕೈಬಿಟ್ಟು ಹೋಗಿತ್ತು. ಬಾಯಿಯಾದರೂ ಇತ್ತು. ಎದ್ದು ನಿಂತು, ಹೊಟ್ಟೆಯಾಳದಿಂದ ದನಿಯೆತ್ತಿ ಕೂಗಿದೆ:

"ನಾಳೆ ಬಾ!"

ಬೆಳಕು ಗಕ್ಕನೆ ನಿಂತಿತು.

"ನಾಳೆ ಬಾ! ನಾಳೆ ಬಾ!"

ಬೆಳಕು ಹಿಂದಕ್ಕೆ ತಿರುಗಿತು. ಬಂದದ್ದಕ್ಕಿಂತ ಬೇಗ ಹೋಗತೊಡಗಿತು. ನಾನು ಎದೆಯುಬ್ಬಿಸಿ ನಿಂತೆ. ದೆವ್ವವನ್ನು ಬರಿ ಬಾಯಲ್ಲಿ ಅಟ್ಟಿದ ಹೈಸ್ಕೂಲ್ ಮೇಷ್ಟ್ರು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು ಎಂದುಕೊಂಡೆ.

ಅಷ್ಟರಲ್ಲಿ ದಡದಲ್ಲಿ ಏನಾಗಿತ್ತು ಎಂಬುದು ನನಗೆ ಆಮೇಲೆ ತಿಳಿದದ್ದು. ಹಿನ್ನೀರು ಅಲ್ಲಿ ಕುಡುಗೋಲಿನ ಹಾಗೆ ಬಾಗಿದೆ. ಗಾಳಿ ಹೊತ್ತೊಯ್ದದ್ದೆಲ್ಲ ಆಚೆ ಮೂಲೆಯಲ್ಲಿ ದಡ ಸೇರುತ್ತದೆ. ಮಂಜು ಇಳಿದ ಮೇಲೆ ನನ್ನನ್ನು ಹುಡುಕಿಕೊಂಡು ಆ ಮೂಲೆಗೆ ಹೋದ ನಿಂಗಯ್ಯನಿಗೆ ಸಿಕ್ಕಿದ್ದು ಬರಿ ಬಾಗಿಲು. ಅವನು ಅದನ್ನು ಎಳೆದು ತಂದು ವಿಮಲೆಯ ಮುಂದೆ ಹಾಕಿದ. ಗಂಡನಿಲ್ಲ. ಗಂಡನನ್ನು ಹೊತ್ತು ಹೋದ ಬಾಗಿಲ ಮೇಲೆ, ಅವಳದೇ ಅಕ್ಷರದಲ್ಲಿ, 'ನಾಳೆ ಬಾ'. ಅವಳು ಅಲ್ಲೇ ಕುಸಿದು ಕೂತಳಂತೆ. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ ನಿಂಗಯ್ಯ, ಆ ಬಂಡೆಗೆ ಹೋಗೋಣ," ಎಂದಳಂತೆ. ನೀರೆಂದರೆ ಬಾವಿಕಟ್ಟೆಗೂ ಹೆದರುವವಳು, ನಿಂಗಯ್ಯನ ಲಾಟೀನು ಹಿಡಿದು ತೆಪ್ಪದಲ್ಲಿ ಕೂತಳು.

ಬಂಡೆಯಿಂದ 'ನಾಳೆ ಬಾ' ಎಂದು ಕೇಳಿಸಿದಾಗ ತೆಪ್ಪ ತಿರುಗಿಸಿದವನು ನಿಂಗಯ್ಯ. "ಅಜ್ಜಿ ಕಣವ್ವಾ. ಅವತ್ತು ಅಂದಂಗೇ ಅಂತಾವ್ಳೆ. ಇವತ್ತು ಗಂಡಸಿನ ಗಂಟ್ಲು ಇಸ್ಕಂಡವ್ಳೆ. ನಿಮ್ಮ ಯಜಮಾನ್ರುದೇ ಗಂಟ್ಲು. ಇನ್ನೊಂದು ಗೇಣು ಮುಂದುಕ್ಕೆ ಓಗಾಕಿಲ್ಲ," ಎಂದನಂತೆ.

ನಾನು ವಿಜಯೋತ್ಸಾಹದಲ್ಲಿ ಪಂಚೆ ಹಿಂಡುತ್ತಿದ್ದೆ. ಆಗ ಮಂಜನ್ನು ಸೀಳಿಕೊಂಡು ಬಂದಿತು:

"ರೀ! ತಲೆ ನೆಟ್ಟಗಿದೆಯೇನ್ರೀ ನಿಮಗೆ? ಜೀವ ಕೈಯಲ್ಲಿ ಹಿಡ್ಕೊಂಡು ಬಂದ್ರೆ ನಾಳೆ ಬಾ ಅಂತೀರಾ? ಮೊಣಕಾಲುದ್ದ ಅಂತ ಆಣೆ ಮಾಡಿದ್ದೇನು, ಮಾಡಿರೋದೇನು? ಮನೆಗೆ ನಡೀರಿ, ಇದೆ ನಿಮಗೆ!"

ಹೋಗಿದ್ದ ಜೀವ ಬಂತು. ಮೂರು ಲೋಕದಲ್ಲಿ ಯಾವ ದೆವ್ವಕ್ಕೂ ಈ ವಿದ್ಯೆ ಬಾರದು.

"ಬಂದೆ ಕಣೇ! ಇಲ್ಲೇ ಇದೀನಿ ಕಣೇ!" ಎಂದು ಕೂಗಿದೆ.

"ಕೇಳಿದ್ಯಾ ನಿಂಗಯ್ಯ? ದೆವ್ವ ಅಲ್ಲ, ನನ್ನ ಗಂಡ. ದೆವ್ವಕ್ಕೆ ಇಷ್ಟು ದಡ್ಡತನ ಇರಲ್ಲ. ತಿರುಗ್ಸು," ಎಂದಳು ವಿಮಲಾ.

ತೆಪ್ಪ ಬಂಡೆಗೆ ತಾಗಿದಾಗ ನಿಂಗಯ್ಯ ಲಾಟೀನು ಎತ್ತಿ ಮೊದಲು ನನ್ನ ಪಾದ ನೋಡಿದ. ಅವು ಮುಂದಕ್ಕೇ ತಿರುಗಿದ್ದವು. ಆಮೇಲೆ ನನ್ನ ಹಿಂದಿನ ತಗ್ಗನ್ನು ನೋಡಿದ. ಲಾಟೀನನ್ನು ತಟ್ಟನೆ ಕೆಳಗಿಳಿಸಿದ.

"ಈ ಎಲೆಯಡ್ಕೆ ಯಾರು ಇಟ್ರು ಸಾ?"

"ನಿಮ್ಮೂರೋರು ಯಾರೋ ಇಟ್ಟಿರ್ಬೇಕು."

"ನೀರು ಏರಿದ್ಮ್ಯಾಕೆ ಇಲ್ಲಿಗೆ ನರಮನುಷ್ಯ ಬಂದಿಲ್ಲ ಸಾ. ತೆಪ್ಪ ಇರೋದು ನನ್ನದೊಂದೇಯ." ನಾನು ತೆಪ್ಪ ಹತ್ತುತ್ತಲೇ ಹುಟ್ಟು ಹಾಕಿದ.

ದಾರಿಯುದ್ದಕ್ಕೂ ವಿಮಲಾ ತುಟಿ ಬಿಚ್ಚಲಿಲ್ಲ. ನನ್ನ ಒದ್ದೆ ತೋಳನ್ನು ಮಾತ್ರ ಉಗುರು ಊರುವ ಹಾಗೆ ಹಿಡಿದಿದ್ದಳು. ನನಗೆ ಮೊದಲ ಸಲ ನಾಚಿಕೆಯಾಯಿತು. ದಡದಲ್ಲಿ ಗೋಪಿಯನ್ನು ಬೈದು, ಹೆದರಿಸಿ, ಕೊನೆಗೆ ಮೊಸರನ್ನ ತೋರಿಸಿ ಬಂಡೆಯಿಂದ ಇಳಿಸಿದೆವು. ಇಳಿದ ಎನ್ನುವುದಕ್ಕಿಂತ ಪ್ಯಾಂಟಿನ ಹಿಂಭಾಗವನ್ನು ಬಂಡೆಗೆ ಅರ್ಪಿಸಿ ಜಾರಿ ಬಂದ ಎನ್ನಬೇಕು. ಯಾವ ಸುಖ ದೊಡ್ಡದು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬಂದು, ಬಿಸಿನೀರು ಹುಯ್ದುಕೊಂಡು, ಮೆಣಸಿನ ಸಾರು ಅನ್ನ ನಾಲ್ಕು ತುತ್ತು ಉಂಡ ಮೇಲೆ ನನಗೆ ಮಾತಾಡುವ ಧೈರ್ಯ ಬಂತು.

"ತಪ್ಪು ನಂದೊಬ್ಬಂದೇ ಅಲ್ಲ ಕಣೇ. ನೀನು ಯಾವತ್ತಿನ ಹಾಗೆ ರೀ ಅಂದಿದ್ರೆ ಆಗ್ಲೇ ಓ ಅಂತಿದ್ದೆ. ಹೆಸರು ಹಿಡಿದು ಕರೆದ್ಯಲ್ಲ, ಅದಕ್ಕೇ ಹೆದರ್ಕೊಂಡೆ."

ಬಡಿಸುತ್ತಿದ್ದ ಅವಳ ಕೈ ನಿಂತಿತು. "ಹೆಸರು ಹಿಡಿದಾ? ನಾನಾ?"

"ಶ್ರೀಕಂಠಾ ಅಂದೆ. ಏನೂ ಅನ್ನಲ್ಲ, ಬಂದ್ಬಿಡೀ ಅಂದೆ."

"ಗಂಡನ ಹೆಸರು ಹಿಡಿದು ಕರೀತಾರೇನ್ರೀ ಯಾರಾದ್ರೂ? ನಾನು ರೀ, ರೀ ಅಂತ ಕೂಗಿದ್ದು. ಇನ್ನೇನೂ ಅಂದಿಲ್ಲ." ಇಷ್ಟು ಹೇಳಿ, ಸಾರಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅವಳ ಮುಖ ನನಗೆ ಕಾಣಲಿಲ್ಲ.

ಮುಂದಿನ ವಾರ ನಾನೊಬ್ಬನೇ ಹೋಗಿ ನಿಂಗಯ್ಯನನ್ನು ಕೇಳಿದೆ. "ಅವ್ವಾರು ಅಳ್ತಾ ಏನೋ ಅಂತಿದ್ರು ಸಾ. ಏನಂದ್ರೋ ನಂಗೆ ಗ್ಯಾನ ಇಲ್ಲ. ನಂಗೆ ನಂದೇ ಆಗಿತ್ತು," ಎಂದ. ಅವತ್ತು ದಡದ ಬಂಡೆಯ ನೆತ್ತಿಯಲ್ಲಿದ್ದ ಗೋಪಿಯನ್ನು ಕೇಳಿದರೆ, ಅವನು ತನ್ನ ಅಳುವನ್ನು ಬಿಟ್ಟು ಬೇರೇನನ್ನೂ ಕೇಳಿಸಿಕೊಂಡಿರಲಿಲ್ಲ. ವಿಮಲೆಯನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ಆಮೇಲೆ ಅಂಥ ದನಿಯಲ್ಲಿ ನನ್ನನ್ನು ಯಾರೂ ಕರೆದೂ ಇಲ್ಲ.

ಕರೆದವಳು ವಿಮಲೆಯೇ ಆಗಿದ್ದರೆ, ನಾನು ಸತ್ತೇಹೋದೆನೆಂದು ತಿಳಿದು, ಹುಟ್ಟಿದಾಗಿನಿಂದ ಕಲಿತ ಮಡಿ ಮರ್ಯಾದೆಯನ್ನೆಲ್ಲ ನೀರಿಗೆ ಬಿಟ್ಟು, ಒಂದೇ ಒಂದು ಸಲ ಅಷ್ಟು ಪ್ರೀತಿಯಿಂದ ಹೆಸರು ಹಿಡಿದು ಕೂಗಿದ ಹೆಂಡತಿಗೆ ನಾಳೆ ಬಾ ಎಂದು ಹೇಳಿ ಕಳಿಸಿದ ಮಹಾನುಭಾವ ನಾನು. ಅದಕ್ಕೇ ದಿನಾ ದೀಪ ಹಚ್ಚುವ ಹೊತ್ತಿಗೆ ಕೈ ಮುಗಿದು ಬೇಡಿಕೊಳ್ಳುತ್ತೇನೆ. ದೇವರೇ, ಅವತ್ತು ಕರೆದದ್ದು ದೆವ್ವವೇ ಆಗಿರಲಪ್ಪ.